ಅರಣ್ಯಶಾಸ್ತ್ರ ಓದಿದರೆ ಇಲಾಖೆ ಬಿಟ್ಟು ಬೇರೆ ಕೆಲಸ ಇದೆಯಾ?

ಪ್ರಶ್ನೆ: ನಾನು ಹಾನಗಲ್ ಕಡೆಯವಳು. ಈ ವರ್ಷ ಪಿಯುಸಿ ಮುಗಿಸಿದೆ, ಪಿಸಿಎಂಬಿ. ಸಿಇಟಿಯಲ್ಲಿ ಬಂದ ರ‍್ಯಾಂಕಿಗೆ ಬಿಎಸ್ಸಿ ಅರಣ್ಯಶಾಸ್ತ್ರದ ಸೀಟು ಸಿಗಬಹುದು ಎಂದು ಕಾಲೇಜಿನಲ್ಲಿ ಹೇಳಿದರು. ನನಗೂ ಇಷ್ಟ. ಆದರೆ ಅಪ್ಪ, ‘ಅರಣ್ಯ ಇಲಾಖೆಯಲ್ಲಿ ಹುದ್ದೆ ಕರೆಯೋದೇ ಅಪರೂಪ, ಬಿಎಸ್ಸಿ ಅಗ್ರಿ ಸಿಕ್ಕರೆ ಅದನ್ನೇ ತಗೋ’ ಅನ್ನುತ್ತಾರೆ. ಹೆಣ್ಣುಮಗಳು ಕಾಡಿನಲ್ಲಿ ಹೇಗೆ ಕೆಲಸ ಮಾಡುತ್ತಾಳೆ ಎಂಬ ಚಿಂತೆ ಅಮ್ಮನಿಗೆ. ಇಲಾಖೆ ಬಿಟ್ಟರೆ ಈ ಪದವಿಗೆ ಬೇರೆ ಕೆಲಸ ಇದೆಯಾ? ಏನು ಮಾಡಲಿ?

ಉತ್ತರ: ಮೊದಲು ನೇರ ಮಾತು. ಖಾಕಿ ಬಟ್ಟೆಯ ಆಸೆ ಒಂದಕ್ಕೇ ಈ ಕೋರ್ಸ್ ಸೇರುವುದಾದರೆ ಬೇಡ. ಮರ, ಮಣ್ಣು, ಬೀಜ, ಕಾಡು, ಕಾಡಿನಂಚಿನ ಜನ, ಇವುಗಳ ಬಗ್ಗೆ ನಾಲ್ಕು ವರ್ಷ ಓದುವುದು ನಿಜವಾಗಿ ಇಷ್ಟವಿದ್ದರೆ ಧೈರ್ಯವಾಗಿ ಸೇರಿ. ಕೆಲಸ ಇದೆ. ನಿಮ್ಮ ತಂದೆ ನೋಡುತ್ತಿರುವ ಜಾಗದಲ್ಲಿ ಕಮ್ಮಿ, ಅವರು ನೋಡದ ಜಾಗಗಳಲ್ಲಿ ಜಾಸ್ತಿ.

ನಮ್ಮ ರಾಜ್ಯದಲ್ಲಿ ಈ ಪದವಿಗೆ ಹೆಸರಾದ ಕಾಲೇಜುಗಳು ಎರಡು. ಒಂದು ಶಿರಸಿಯದು, ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಇನ್ನೊಂದು ಕೊಡಗಿನ ಪೊನ್ನಂಪೇಟೆಯದು. ಇದು ಶುರುವಾದದ್ದು 1995ರಲ್ಲಿ, ಈಗ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಡಿ ಇದೆ. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಬೇರೆ ರಾಜ್ಯದ ಅಥವಾ ಖಾಸಗಿ ಕಾಲೇಜು ನೋಡುವುದಾದರೆ ಐಸಿಎಆರ್, ಅಂದರೆ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಮಾನ್ಯತೆ ಇದೆಯಾ ಎಂದು ಮೊದಲು ನೋಡಿ. ಮಾನ್ಯತೆ ಇಲ್ಲದ ಕಡೆ ಓದಿದರೆ ಮುಂದೆ ಎಂಎಸ್ಸಿ ಸೇರುವಾಗಲೂ, ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವಾಗಲೂ ತೊಂದರೆ.

ಈ ಎರಡೂ ಕಾಲೇಜು ಇರುವ ಊರುಗಳೇ ಅರ್ಧ ಪಾಠ ಹೇಳುತ್ತವೆ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಮರಗಳನ್ನು ತಬ್ಬಿ ನಿಂತು ಅಪ್ಪಿಕೋ ಚಳವಳಿ ಶುರು ಮಾಡಿದ್ದು ಇದೇ ಶಿರಸಿ ತಾಲ್ಲೂಕಿನಲ್ಲಿ. ಅಡಿಕೆ ತೋಟಕ್ಕೆ ಸೊಪ್ಪು ತರುವ ಬೆಟ್ಟ, ಕಾಳುಮೆಣಸು ಹಬ್ಬಿದ ಕಾನು ಎಂಬ ದಟ್ಟ ಹಸಿರು ಕಾಡು, ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡು, ಎಲ್ಲ ಹತ್ತಿರದಲ್ಲೇ ಇವೆ. ಪೊನ್ನಂಪೇಟೆಯ ಸುತ್ತ ಮರಗಳ ನೆರಳಿನಲ್ಲಿ ಬೆಳೆಯುವ ಕಾಫಿ, ದೇವರಕಾಡುಗಳು, ತೋಟಕ್ಕೆ ಇಳಿಯುವ ಆನೆ. ಊರಿನ ಮರ ಕಡಿದು ಸಿಲ್ವರ್ ಓಕ್ ನೆಟ್ಟರೆ ತೋಟದಲ್ಲಿ ಏನೇನು ಬದಲಾಗುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ನೋಡಿ ಕಲಿಯಬಹುದು.

ಏನು ಓದಿಸುತ್ತಾರೆ? ಕಾಡು ಬೆಳೆಸುವ ಮತ್ತು ನಿರ್ವಹಿಸುವ ವಿದ್ಯೆಗೆ ಸಿಲ್ವಿಕಲ್ಚರ್ ಎನ್ನುತ್ತಾರೆ. ಈ ಕೋರ್ಸಿನ ಬೆನ್ನೆಲುಬು ಅದೇ. ಜೊತೆಗೆ ಮರ ಗುರುತಿಸುವುದು, ಮರ ಅಳೆಯುವುದು, ಮಣ್ಣು, ಜಲಾನಯನ, ಮರಗಳ ತಳಿ ಸುಧಾರಣೆ, ಕೀಟ ಮತ್ತು ರೋಗ, ವನ್ಯಜೀವಿ, ಕಟ್ಟಿಗೆಯ ವಿಜ್ಞಾನ, ಅರಣ್ಯ ಕಾನೂನು, ಅರ್ಥಶಾಸ್ತ್ರ, ಹೊಲದಲ್ಲಿ ಬೆಳೆಯ ಜೊತೆ ಮರ ಬೆಳೆಸುವ ಕೃಷಿ ಅರಣ್ಯ. ಕೊನೆಯ ವರ್ಷ ಹಳ್ಳಿಯಲ್ಲಿ, ಅರಣ್ಯ ವಲಯದಲ್ಲಿ, ಕಾರ್ಖಾನೆಯಲ್ಲಿ ಇದ್ದು ಕೆಲಸ ಕಲಿಯುವ ಅವಧಿಯೂ ಇದೆ.

ಪಟ್ಟಿ ಓದಿದರೆ ಒಣ ಅನ್ನಿಸಬಹುದು. ಹಾಗಾಗಿ ಬೀಜದ ವಿಷಯ ಒಂದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಗುವಾನಿ ಬೀಜದ ಸಿಪ್ಪೆ ಗಟ್ಟಿ. ನೀರಿನಲ್ಲಿ ನೆನೆಸಿ, ಬಿಸಿಲಿಗೆ ಹಾಕಿ, ಮತ್ತೆ ನೆನೆಸಿ, ಮತ್ತೆ ಒಣಗಿಸಿ, ಹೀಗೆ ಹಲವು ಸಲ ಮಾಡಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ಅದೇ ಉಪಚಾರವನ್ನು ಧೂಪದ ಬೀಜಕ್ಕೋ ರಾಮಪತ್ರೆ ಬೀಜಕ್ಕೋ ಮಾಡಿದರೆ ಅದು ಸತ್ತೇ ಹೋಗುತ್ತದೆ. ಇವು ಒಣಗಬಾರದ ಬೀಜಗಳು. ಉದುರಿದ ಕೆಲವೇ ದಿನಗಳಲ್ಲಿ ಬಿತ್ತಬೇಕು, ಡಬ್ಬಿಯಲ್ಲಿ ಇಟ್ಟು ಮುಂದಿನ ವರ್ಷಕ್ಕೆ ಉಳಿಸಲು ಆಗುವುದಿಲ್ಲ. ನಮ್ಮ ನರ್ಸರಿಗಳಲ್ಲಿ ಸಾಗುವಾನಿ, ಅಕೇಶಿಯಾ ತುಂಬಿರುವುದಕ್ಕೂ, ಮಳೆಕಾಡಿನ ಮರಗಳ ಸಸಿ ಸಿಗದಿರುವುದಕ್ಕೂ ಇದು ದೊಡ್ಡ ಕಾರಣ. ಯಾವ ಮರದ ಬೀಜ ಯಾವ ವಾರ ಉದುರುತ್ತದೆ, ಯಾವುದು ಒಳ್ಳೆಯ ತಾಯಿಮರ ಎಂದು ತಿಳಿದವರೇ ಕಾಡನ್ನು ಮತ್ತೆ ಬೆಳೆಸಬಲ್ಲರು. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರಿಗೆ ಪದ್ಮಶ್ರೀ ಬಂದದ್ದು ಈ ತಿಳಿವಳಿಕೆಗೇ. ಶಾಲೆಗೆ ಹೋಗದ ಅವರು ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದುಡಿದು ಅದನ್ನು ಕಲಿತರು. ಪದವಿಗೆ ಸೇರಿದ ಮೇಲೆ ಅಂಥ ಹಿರಿಯರ ಜೊತೆ ನರ್ಸರಿಯಲ್ಲಿ ಕೂತು ಕೇಳಿ. ಪುಸ್ತಕದಲ್ಲಿ ಇರದ ಎಷ್ಟೋ ವಿಷಯ ಸಿಗುತ್ತದೆ.

ಈಗ ಇಲಾಖೆಯ ಮಾತು. ನಿಮ್ಮ ತಂದೆ ಹೇಳಿದ್ದರಲ್ಲಿ ಸತ್ಯವಿದೆ. ವಲಯ ಅರಣ್ಯಾಧಿಕಾರಿ, ಅಂದರೆ ಆರ್‌ಎಫ್‌ಒ, ಅದರ ಮೇಲೆ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ, ಎಸಿಎಫ್. ಪದವೀಧರರು ಎದುರು ನೋಡುವ ಹುದ್ದೆಗಳು ಇವು. ಅರಣ್ಯಶಾಸ್ತ್ರ ಓದಿದವರಿಗೆ ಇಲ್ಲಿ ಒಂದು ಪಾಲು ಮೀಸಲಿಡುವ ಪದ್ಧತಿ ಇದೆ. ಆ ಪಾಲು ಎಷ್ಟಿರಬೇಕು ಎಂಬ ನಿಯಮ ಬದಲಾಗುತ್ತಾ ಬಂದಿದೆ. ಅದಕ್ಕಾಗಿ ಶಿರಸಿ, ಪೊನ್ನಂಪೇಟೆಯ ವಿದ್ಯಾರ್ಥಿಗಳು ತರಗತಿ ಬಿಟ್ಟು ಧರಣಿ ಕೂತದ್ದೂ ಇದೆ. ಅವರ ಬೇಡಿಕೆ ನ್ಯಾಯದ್ದು ಎಂದೇ ನನ್ನ ಅಭಿಪ್ರಾಯ. ನಾಲ್ಕು ವರ್ಷ ಕಾಡನ್ನೇ ಓದಿದವರಿಗೆ ಕಾಡಿನ ಕೆಲಸದಲ್ಲಿ ಮೊದಲ ಆದ್ಯತೆ ಸಿಗಬೇಕು. ಆದರೆ ನೀವು ಲೆಕ್ಕ ಹಾಕುವಾಗ ನ್ಯಾಯದ ಜೊತೆ ವಾಸ್ತವವನ್ನೂ ನೋಡಬೇಕು. ಒಂದು ನೇಮಕಾತಿ ಅಧಿಸೂಚನೆಗೂ ಮುಂದಿನದಕ್ಕೂ ನಡುವೆ ಹಲವು ವರ್ಷ ಹೋಗುತ್ತದೆ. ಕೋಚಿಂಗ್ ಕೇಂದ್ರದ ಪಕ್ಕದ ರೂಮಿನಲ್ಲಿ ಯೌವನದ ಒಳ್ಳೆಯ ವರ್ಷಗಳನ್ನು ಕಾದು ಕಳೆದ ಜಾಣ ಹುಡುಗ ಹುಡುಗಿಯರನ್ನು ನಾನು ಬಲ್ಲೆ. ಆರ್‌ಎಫ್‌ಒ ಪರೀಕ್ಷೆ ಬರೆಯಿರಿ. ಆದರೆ ಅದೊಂದಕ್ಕೇ ಕಾಯುತ್ತಾ ಕೂರಬೇಡಿ.

ಆರ್‌ಎಫ್‌ಒ ಎಂದರೆ ಜೀಪಿನಲ್ಲಿ ಓಡಾಡಿ ಹುಲಿ ನೋಡುವ ಕೆಲಸ ಎಂದು ಎಷ್ಟೋ ಮಕ್ಕಳು ಅಂದುಕೊಂಡಿರುತ್ತಾರೆ. ದಿನದ ದೊಡ್ಡ ಪಾಲು ಕಡತ, ನೆಡುತೋಪಿನ ಲೆಕ್ಕ, ಒತ್ತುವರಿ ಪ್ರಕರಣ, ಕೋರ್ಟು, ಬೆಳೆ ಹಾನಿ ಪರಿಹಾರದ ಅರ್ಜಿ. ಬೇಸಿಗೆಗೆ ಮುಂಚೆ, ಬೆಂಕಿ ಹರಡದಂತೆ ಕಾಡಿನಲ್ಲಿ ಪಟ್ಟಿ ಸವರಿ ಬೆಂಕಿ ರೇಖೆ ತೆಗೆಸಬೇಕು, ಬೆಂಕಿ ಬಿದ್ದರೆ ರಾತ್ರಿ ಹಗಲು ಕಾಡಿನಲ್ಲೇ. ಆನೆ ತುಳಿದ ಮನೆಯವರ ಎದುರು ನಿಂತು ಮಾತಾಡಬೇಕು. 2006ರ ಅರಣ್ಯ ಹಕ್ಕು ಕಾಯ್ದೆ, 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಕಾಯ್ದೆ, ಎಲ್ಲವೂ ಬಾಯಿಯಲ್ಲಿ ಇರಬೇಕು. ಇದು ಜನರ ನಡುವಿನ ಕೆಲಸ. ಜನ ಬೇಡ, ಕಾಡು ಸಾಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ.

ಇನ್ನು ಐಎಫ್‌ಎಸ್. ಅಂದರೆ ಭಾರತೀಯ ಅರಣ್ಯ ಸೇವೆ. ಪೂರ್ವಭಾವಿ ಪರೀಕ್ಷೆ ಐಎಎಸ್‌ನವರ ಜೊತೆಗೇ ನಡೆಯುತ್ತದೆ, ಮುಖ್ಯ ಪರೀಕ್ಷೆ ಬೇರೆ. ಇಂಗ್ಲಿಷ್ 300 ಅಂಕ, ಸಾಮಾನ್ಯ ಜ್ಞಾನ 300, ಎರಡು ಐಚ್ಛಿಕ ವಿಷಯಗಳಿಗೆ ಒಟ್ಟು 800, ಸಂದರ್ಶನಕ್ಕೆ 300. ಅರಣ್ಯಶಾಸ್ತ್ರ ಐಚ್ಛಿಕ ವಿಷಯಗಳಲ್ಲಿ ಒಂದು. ಅದರ ಜೊತೆ ಕೃಷಿಯನ್ನು ಆಯ್ದುಕೊಳ್ಳುವಂತಿಲ್ಲ, ಹಾಗಾಗಿ ಭೂವಿಜ್ಞಾನವನ್ನೋ ಸಸ್ಯಶಾಸ್ತ್ರವನ್ನೋ ಜೋಡಿಸಿಕೊಳ್ಳುವವರು ಹೆಚ್ಚು. ಈಚಿನ ವರ್ಷಗಳಲ್ಲಿ ಇಡೀ ದೇಶಕ್ಕೆ ವರ್ಷಕ್ಕೆ ಸುಮಾರು 150 ಹುದ್ದೆ. ಎಂಜಿನಿಯರಿಂಗ್ ಮಾಡಿದವರೂ ಅರಣ್ಯಶಾಸ್ತ್ರವನ್ನೇ ಐಚ್ಛಿಕವಾಗಿ ತಗೊಂಡು ಬರೆಯುತ್ತಾರೆ, ಗೆಲ್ಲುತ್ತಾರೆ. ಅವರು ಹೊಸದಾಗಿ ಓದಬೇಕಾದ್ದು ನಿಮಗೆ ಪದವಿಯಲ್ಲೇ ಆಗಿರುತ್ತದೆ. ಆ ಅನುಕೂಲ ನಿಜ, ಆದರೆ ಅದು ಸಾಮಾನ್ಯ ಜ್ಞಾನದ ತಯಾರಿಯನ್ನು ಉಳಿಸಿಕೊಡುವುದಿಲ್ಲ.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ಭಾಗಕ್ಕೆ ಬರುತ್ತೇನೆ. ಅದು ಕಾಡಿನ ಹೊರಗಿನ ಮರಗಳ ವಿಷಯ.

1988ರ ರಾಷ್ಟ್ರೀಯ ಅರಣ್ಯ ನೀತಿ ಕಾರ್ಖಾನೆಗಳಿಗೆ ಒಂದು ಮಾತು ಹೇಳಿತು. ನಿಮಗೆ ಬೇಕಾದ ಕಟ್ಟಿಗೆಗೆ ಸರ್ಕಾರಿ ಕಾಡನ್ನು ನಂಬಬೇಡಿ, ರೈತರ ಜೊತೆ ಸೇರಿ ಬೆಳೆಸಿಕೊಳ್ಳಿ ಎಂದು. ಅಲ್ಲಿಂದಾಚೆ ಕಾಗದದ ಕಾರ್ಖಾನೆಯವರು, ಪ್ಲೈವುಡ್‌ನವರು ರೈತರ ಹೊಲಕ್ಕೆ ಬಂದರು. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಆಗಲಿ, ಆಂಧ್ರ ತೆಲಂಗಾಣದ ಕಡೆ ಐಟಿಸಿ ಆಗಲಿ, ಆಯ್ದ ಒಳ್ಳೆಯ ಮರದ ಕಡ್ಡಿಯಿಂದ ಸಸಿ ಮಾಡುವ ಸ್ವಂತ ಕ್ಲೋನ್ ನರ್ಸರಿ ಮಾಡಿ ರೈತರಿಗೆ ಸಸಿ ಕೊಡುತ್ತಾ ಬಂದಿವೆ. ಇವತ್ತು ದೇಶದ ಕಾರ್ಖಾನೆಗಳಿಗೆ ಹೋಗುವ ಮರದ ಬಹುಪಾಲು ಬರುವುದು ಹೊಲ, ತೋಟ, ಬದುಗಳಿಂದ. ಈ ನರ್ಸರಿಗಳಿಗೆ, ರೈತರ ಹತ್ತಿರ ಹೋಗಿ ಮಾತಾಡುವುದಕ್ಕೆ, ಯಾವ ಮಣ್ಣಿಗೆ ಯಾವ ತಳಿ ಎಂದು ಹೇಳುವುದಕ್ಕೆ ಅರಣ್ಯಶಾಸ್ತ್ರ ಓದಿದವರು ಬೇಕು. ಕರ್ನಾಟಕ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ಈ ಕೆಲಸ ಇನ್ನೂ ಹೆಚ್ಚಿತು. ನೀಲಗಿರಿಯ ಬದಲು ಏನು? ಹೆಬ್ಬೇವೇ, ಗಾಳಿಮರವೇ, ಸಿಲ್ವರ್ ಓಕೇ? ಎಷ್ಟು ಅಂತರ? ನಡುವೆ ರಾಗಿ ಬೆಳೆಯಬಹುದೇ? ರೈತ ಕೇಳುವ ಈ ಪ್ರಶ್ನೆಗಳಿಗೆ ಊರಿನಲ್ಲಿ ಉತ್ತರ ಕೊಡುವವರೇ ಇಲ್ಲ.

ಶ್ರೀಗಂಧದ್ದೂ ಅದೇ ಕಥೆ. 2001ರಲ್ಲಿ ಕಾನೂನು ತಿದ್ದುಪಡಿಯಾಗಿ, ಬೆಳೆದವನೇ ಗಂಧದ ಮರದ ಒಡೆಯ ಎಂದಾಯಿತು. ಅದಾದ ಮೇಲೆ ಸಾವಿರಾರು ರೈತರು ಗಂಧ ನೆಟ್ಟರು. ಗಂಧ ಪಕ್ಕದ ಗಿಡದ ಬೇರಿನಿಂದ ಆಹಾರ ಎಳೆದುಕೊಳ್ಳುವ ಅರೆಪರಾವಲಂಬಿ. ಸಸಿಯ ಚೀಲದಲ್ಲೇ ಒಂದು ಆಸರೆ ಗಿಡ ಬೇಕು, ಹೊಲಕ್ಕೆ ಹೋದ ಮೇಲೆ ತೊಗರಿಯಂಥದು ಬೇಕು, ಮುಂದೆ ಗಾಳಿಮರವೋ ಹೊಂಗೆಯೋ ಜೊತೆಗಿರಬೇಕು. ಇದನ್ನು ತಿಳಿಯದೆ ಬರೀ ಗಂಧವನ್ನೇ ಸಾಲಾಗಿ ನೆಟ್ಟು, ಗಿಡ ಬಡಕಲಾಗಿ ನಿಂತಾಗ ಗೊಬ್ಬರದ ಮೇಲೆ ಗೊಬ್ಬರ ಸುರಿಯುವವರನ್ನು ನೋಡಿದರೆ ಸಂಕಟವಾಗುತ್ತದೆ. ಸಸಿ ಮಾರುವವರು ಬೇಕಾದಷ್ಟಿದ್ದಾರೆ. ಸರಿಯಾದ ಸಲಹೆ ಕೊಡುವವರು ಕಮ್ಮಿ.

ಇನ್ನೊಂದು ಉದಾಹರಣೆ, ಅಳತೆಯದು. ನಿಮ್ಮೂರಲ್ಲಿ ಮರ ಮಾರುವುದನ್ನು ನೋಡಿರುತ್ತೀರಿ, ಅಲ್ವಾ? ವ್ಯಾಪಾರಿ ಬಂದು ಕಣ್ಣಳತೆಯಲ್ಲಿ ಒಂದು ರೇಟು ಹೇಳುತ್ತಾನೆ, ರೈತ ಸ್ವಲ್ಪ ಏರಿಸಿ ಕೊಟ್ಟುಬಿಡುತ್ತಾನೆ. ಅಳೆದರೂ ಅಳೆಯುವುದು ಹಳೆಯ ಸೂತ್ರದಲ್ಲಿ. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ಉದ್ದದಿಂದ ಗುಣಿಸುವುದು. 120 ಸೆಂಟಿಮೀಟರ್ ಸುತ್ತಳತೆಯ, 3 ಮೀಟರ್ ಉದ್ದದ ದಿಮ್ಮಿಗೆ ಈ ಲೆಕ್ಕದಲ್ಲಿ 0.27 ಘನ ಮೀಟರ್ ಬರುತ್ತದೆ. ದಿಮ್ಮಿಯಲ್ಲಿ ನಿಜವಾಗಿ ಇರುವುದು ಸುಮಾರು 0.34. ಅಂದರೆ ಇರುವ ಮರದ 78.5 ಶೇಕಡಾ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕೊಯ್ಯುವಾಗ ಹೋಗುವ ಚೂರುಪಾರಿಗೆಂದು ಮಾಡಿಕೊಂಡ ಸೂತ್ರ ಅದು, ಮೋಸ ಅಂತಲ್ಲ. ಆದರೆ ಮಾರುವವರಿಗೆ ಆ ವ್ಯತ್ಯಾಸ ತಿಳಿದಿರಬೇಕು ತಾನೇ? ಒಂದು ಟೇಪು, ಮರದ ಎತ್ತರ ಅಳೆಯುವ ಒಂದು ಉಪಕರಣ, ಈ ಲೆಕ್ಕ, ಇಷ್ಟು ಬಲ್ಲ ಪದವೀಧರೆ ಒಂದು ತಾಲ್ಲೂಕಿನ ರೈತ ಉತ್ಪಾದಕ ಕಂಪನಿಗೆ ಎಷ್ಟು ದೊಡ್ಡ ಬಲ ಆಗಬಹುದು ಯೋಚಿಸಿ.

ಇದೇ ಅಳತೆಯ ವಿದ್ಯೆ ಈಗ ಇಂಗಾಲದ ಯೋಜನೆಗಳಿಗೂ, ಅಂದರೆ ಮರಗಳು ಗಾಳಿಯಿಂದ ಹೀರಿಟ್ಟ ಇಂಗಾಲವನ್ನು ಲೆಕ್ಕ ಹಾಕುವ ಯೋಜನೆಗಳಿಗೂ ಬೇಕಾಗಿದೆ. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಮರದ ಸುತ್ತಳತೆ ತೆಗೆದು, ಅದರಿಂದ ಮರದ ತೂಕ, ತೂಕದಿಂದ ಇಂಗಾಲ ಎಂದು ಲೆಕ್ಕ ಕಟ್ಟುತ್ತಾರೆ. ಇಳಿಜಾರಿನಲ್ಲಿ ನಿಂತ ಮರವನ್ನು ಮೇಲ್ಬದಿಯಿಂದ ಅಳೆಯಬೇಕು ಎಂಬುದು ಗೊತ್ತಿಲ್ಲದವರು ತಂದ ಅಂಕಿಯಿಂದ ಇಡೀ ವರದಿ ತಪ್ಪಾಗುತ್ತದೆ. ಕಂಪ್ಯೂಟರ್ ಮುಂದೆ ಕೂರುವವರು ಬೇಕಾದಷ್ಟು ಜನ. ಮರದ ಹೆಸರು ಹೇಳಿ, ಸರಿಯಾಗಿ ಅಳೆದು ತರುವವರೇ ಸಿಗುತ್ತಿಲ್ಲ. ಪರಿಸರ ಪರಿಣಾಮದ ಅಧ್ಯಯನ ಮಾಡುವ ಸಲಹಾ ಸಂಸ್ಥೆಗಳಲ್ಲೂ ಇದೇ ಮಾತು ಕೇಳಿಬರುತ್ತದೆ.

ಕಟ್ಟಿಗೆ ವಿಜ್ಞಾನದ ಕಡೆ ಹೋಗುವವರು ತೀರಾ ಕಮ್ಮಿ, ಆದ್ದರಿಂದ ಅಲ್ಲಿ ಪೈಪೋಟಿಯೂ ಕಮ್ಮಿ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಗಂಧದ ಸಂಶೋಧನೆಗೆ ದೇಶದಲ್ಲೇ ಹೆಸರಾದದ್ದು. ಬೆಂಗಳೂರಿನಲ್ಲೇ ಇದ್ದ ಪ್ಲೈವುಡ್ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯೂ ಈಗ ಇದರೊಂದಿಗೆ ಸೇರಿದೆ. ಅಲ್ಲಿ ತರಬೇತಿ ಪಡೆದವರಿಗೆ ಪ್ಲೈವುಡ್, ಪೀಠೋಪಕರಣ ಕಾರ್ಖಾನೆಗಳ ಗುಣಮಟ್ಟ ವಿಭಾಗದಲ್ಲಿ ಕೆಲಸ. ಕಾಡಲ್ಲ, ಕಾರ್ಖಾನೆ. ನಿಮಗೆ ಒಗ್ಗುತ್ತದಾ ನೋಡಿ.

ವನ್ಯಜೀವಿ ಸಂಶೋಧನೆಯ ಆಸೆ ಇದ್ದರೆ ಎಂಎಸ್ಸಿ ಬೇಕೇ ಬೇಕು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್, ಶಿವಮೊಗ್ಗದ ಕುವೆಂಪು ವಿಶ್ವವಿದ್ಯಾಲಯ ಇವೆ. ಸಂಶೋಧನಾ ಸಹಾಯಕರ ಕೆಲಸಗಳು ಹೆಚ್ಚಾಗಿ ಯೋಜನೆ ಇರುವವರೆಗೆ ಮಾತ್ರ, ಸಂಬಳವೂ ಶುರುವಿಗೆ ಕಡಿಮೆ. ಇದನ್ನು ಒಪ್ಪಿಕೊಂಡೇ ಹೋಗಬೇಕು. ಆಡಳಿತದ ಒಲವಿದ್ದರೆ ಭೋಪಾಲದ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆ, ಅದಕ್ಕೆ ಕ್ಯಾಟ್‌ನಂಥ ಮ್ಯಾನೇಜ್‌ಮೆಂಟ್ ಪ್ರವೇಶ ಪರೀಕ್ಷೆ ಬರೆಯಬೇಕು. ಅಧ್ಯಾಪಕಿ ಅಥವಾ ವಿಜ್ಞಾನಿ ಆಗಬೇಕೆಂದರೆ ಐಸಿಎಆರ್ ಪ್ರವೇಶ ಪರೀಕ್ಷೆ ಬರೆದು ಎಂಎಸ್ಸಿ, ಪಿಎಚ್‌ಡಿ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲೂ ಎಂಎಸ್ಸಿ ಇದೆ. ಜರ್ಮನಿ, ಫಿನ್ಲೆಂಡ್, ಕೆನಡಾಗಳಿಗೆ ಓದಲು ಹೋಗುವವರೂ ಇದ್ದಾರೆ, ಆದರೆ ಆ ಚಿಂತೆ ಮೂರನೇ ವರ್ಷಕ್ಕೆ ಇರಲಿ.

ನಿಮ್ಮ ತಂದೆಗೆ ಹೇಳಬೇಕಾದ ಒಂದು ವಿಷಯ ಇದೆ. ಬ್ಯಾಂಕುಗಳು ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಮೂಲಕ ಕೃಷಿ ಕ್ಷೇತ್ರಾಧಿಕಾರಿಗಳನ್ನು ತೆಗೆದುಕೊಳ್ಳುವಾಗ ಅರಣ್ಯಶಾಸ್ತ್ರದ ಪದವಿಯೂ ಅರ್ಹತೆಯ ಪಟ್ಟಿಯಲ್ಲಿದೆ. ಎಷ್ಟೋ ಅರಣ್ಯಶಾಸ್ತ್ರ ಪದವೀಧರರು ಬ್ಯಾಂಕಿನಲ್ಲೇ ನೆಲೆ ನಿಂತಿದ್ದಾರೆ. ಅಗ್ರಿ ಓದಿದವರಿಗೆ ಬಾಗಿಲು ಜಾಸ್ತಿ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಕೃಷಿ ಇಲಾಖೆಯ ಹುದ್ದೆಗಳು ಮುಖ್ಯವಾಗಿ ಅವರಿಗೆ, ಬೀಜ ಗೊಬ್ಬರದ ಕಂಪನಿಗಳೂ ಅವರನ್ನೇ ಮೊದಲು ಕರೆಯುತ್ತವೆ. ಸುಮ್ನೆ ಯಾವುದಾದರೂ ಒಂದು ಡಿಗ್ರಿ, ಬೇಗ ಒಂದು ಕೆಲಸ, ಇಷ್ಟೇ ಗುರಿಯಾದರೆ ಅಗ್ರಿಯೇ ಸರಿ. ಆದರೆ ಪ್ರತಿ ವರ್ಷ ಅಗ್ರಿ ಮುಗಿಸಿ ಹೊರಬರುವವರ ಸಂಖ್ಯೆಯೂ ದೊಡ್ಡದು. ಇಷ್ಟವಿಲ್ಲದ್ದನ್ನು ಓದಿ ಆ ದೊಡ್ಡ ಗುಂಪಿನಲ್ಲಿ ನಿಲ್ಲುವುದಕ್ಕಿಂತ, ಇಷ್ಟವಿದ್ದದ್ದನ್ನು ಚೆನ್ನಾಗಿ ಕಲಿತು ಸಣ್ಣ ಗುಂಪಿನಲ್ಲಿ ನಿಲ್ಲುವುದು ಎಷ್ಟೋ ಮೇಲು ಎಂದು ನನ್ನ ನಂಬಿಕೆ.

ಅಮ್ಮನ ಚಿಂತೆಗೆ ಉತ್ತರ. ಇವತ್ತು ಅರಣ್ಯ ಕಾಲೇಜುಗಳಲ್ಲಿ ಹುಡುಗಿಯರ ಸಂಖ್ಯೆ ಚೆನ್ನಾಗಿಯೇ ಇದೆ. ರಾಜ್ಯದಲ್ಲಿ ಗಸ್ತು ಅರಣ್ಯ ಪಾಲಕಿಯರಿಂದ ಹಿಡಿದು ಜಿಲ್ಲೆಯ ಅರಣ್ಯ ವಿಭಾಗವನ್ನೇ ನಡೆಸುವ ಅಧಿಕಾರಿಗಳವರೆಗೆ ಹೆಣ್ಣುಮಕ್ಕಳಿದ್ದಾರೆ. ಐಎಫ್‌ಎಸ್‌ಗೆ ಎತ್ತರ ಕನಿಷ್ಠ 150 ಸೆಂಟಿಮೀಟರ್, ನಡಿಗೆಯ ಪರೀಕ್ಷೆ 4 ಗಂಟೆಯಲ್ಲಿ 14 ಕಿಲೋಮೀಟರ್. ಗಂಡಸರಿಗೆ ಅದೇ ಹೊತ್ತಿನಲ್ಲಿ 25. ಅಭ್ಯಾಸ ಮಾಡಿದರೆ ಕಷ್ಟವಲ್ಲ. ನಿಜವಾದ ಕಷ್ಟಗಳು ಬೇರೆ. ದೂರದ ವಲಯದಲ್ಲಿ ವಸತಿ, ಶೌಚಾಲಯ, ಮಗು ಸಣ್ಣದಿದ್ದಾಗ ರಾತ್ರಿ ಕರೆ. ಇವು ಇವೆ. ಸೇವೆಯಲ್ಲಿರುವ ಹೆಣ್ಣುಮಕ್ಕಳನ್ನೇ ಭೇಟಿ ಮಾಡಿ ಕೇಳಿ, ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಮತ್ತೆ, ಮೇಲೆ ಹೇಳಿದ ಕೆಲಸಗಳಲ್ಲಿ ಅರ್ಧಕ್ಕರ್ಧ ದಟ್ಟ ಕಾಡಿನಲ್ಲಿ ಇಲ್ಲವೇ ಇಲ್ಲ ಎಂಬುದನ್ನೂ ಅಮ್ಮನಿಗೆ ತಿಳಿಸಿ.

ಸೇರಿದರೆ ಮೊದಲ ವರ್ಷದಿಂದಲೇ ಎರಡು ಕೆಲಸ ಮಾಡಿ. ವಾರಕ್ಕೆ ಐದು ಮರಗಳನ್ನು ತೊಗಟೆ, ಎಲೆ, ಹೂ, ಕಾಯಿ ನೋಡಿ ಗುರುತಿಸುವ ಅಭ್ಯಾಸ ಮಾಡಿಕೊಳ್ಳಿ. ಊರಿನವರು ಕರೆಯುವ ಹೆಸರು, ಲ್ಯಾಟಿನ್ ಹೆಸರು ಎರಡನ್ನೂ ಬರೆದಿಡಿ. ಮತ್ತಿಗೂ ನಂದಿಗೂ ಎಲೆ ಇಲ್ಲದ ಬೇಸಿಗೆಯಲ್ಲಿ ತೊಗಟೆ ನೋಡಿಯೇ ವ್ಯತ್ಯಾಸ ಹೇಳುವಂತಾಗಬೇಕು. ಎರಡನೆಯದು, ನಕ್ಷೆ ಮಾಡುವ ಜಿಐಎಸ್ ಕಲಿಯಿರಿ. ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಮರ ಬಲ್ಲವರಿಗೆ ನಕ್ಷೆ ಬರುವುದಿಲ್ಲ, ನಕ್ಷೆ ಬಲ್ಲವರಿಗೆ ಮರ ಗೊತ್ತಿಲ್ಲ, ಇದು ಈ ಕ್ಷೇತ್ರದ ದೊಡ್ಡ ಕೊರತೆ. ಎರಡೂ ಬಲ್ಲವರಿಗೆ ಕೆಲಸ ಹುಡುಕುವ ಕಷ್ಟ ಅಷ್ಟಾಗಿ ಇರುವುದಿಲ್ಲ. ಇಂಗ್ಲಿಷಿನಲ್ಲಿ ವರದಿ ಬರೆಯುವುದನ್ನೂ ರೂಢಿಸಿಕೊಳ್ಳಿ, ಕನ್ನಡ ಮಾಧ್ಯಮದಿಂದ ಬಂದವರು ಎಡವುವುದು ಹೆಚ್ಚಾಗಿ ಅಲ್ಲಿಯೇ.

ಸಿಇಟಿ ಆಯ್ಕೆ ತುಂಬುವಾಗ ಶಿರಸಿ, ಪೊನ್ನಂಪೇಟೆ ಎರಡನ್ನೂ ಹಾಕಿ. ನೀವು ರೈತರ ಮನೆಯವರಾದರೆ ಆ ಕೋಟಾದ ದಾಖಲೆಗಳನ್ನು ಇನ್ನೊಮ್ಮೆ ನೋಡಿಕೊಳ್ಳಿ. ಮುಂದಿನ ವರ್ಷ ಬರೆಯುವ ಓದುಗರು ಗಮನಿಸಬೇಕು, ಆ ಕೋಟಾಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಅದನ್ನು ತಪ್ಪಿಸಿಕೊಂಡರೆ ಕೋಟಾ ಸಿಗುವುದಿಲ್ಲ. ಹಾನಗಲ್ಲಿನಿಂದ ಶಿರಸಿ ದೂರವೇನಲ್ಲ. ಕೌನ್ಸೆಲಿಂಗ್‌ಗೆ ಮುಂಚೆ ಅಪ್ಪ ಅಮ್ಮ ಇಬ್ಬರನ್ನೂ ಕರೆದುಕೊಂಡು ಹೋಗಿ, ಕಾಲೇಜು ನೋಡಿ, ಕೊನೆಯ ವರ್ಷದ ಹುಡುಗಿಯರ ಜೊತೆ ಮಾತಾಡಿ. ಹಿಂದಿನ ಬ್ಯಾಚಿನವರು ಈಗ ಎಲ್ಲೆಲ್ಲಿ ಇದ್ದಾರೆ ಎಂದು ಅಧ್ಯಾಪಕರನ್ನು ಕೇಳಿ, ಹೆಸರು ಬರೆದುಕೊಂಡು ಅವರಿಗೂ ಫೋನ್ ಮಾಡಿ.